ಸೋಮಲಿಂಗಣ್ಣ ಹೇಳಿದ್ದು

ಜನವರಿ ೯, ಶುಕ್ರವಾರ

ಮೂಡಲಗಿಯಿಂದ, ನನ್ನ ಹೆಂಡತಿಯ ಶಾಲೆಯ ಜವಾನರು ಬಂದು ಈ ಡೈರಿ ಕೊಟ್ಟು ಹೋದರು. ಹೊಸ ವರ್ಷಕ್ಕೆ ಶಿಕ್ಷಕರಿಗೆಲ್ಲ ಕೊಡುವ ಡೈರಿ. ಪಟ್ಟಿಯಿಂದ ಅವಳ ಹೆಸರು ತೆಗೆಯುವುದನ್ನು ಯಾರೋ ಮರೆತಿದ್ದಾರೆ. ಜವಾನರು ನನ್ನ ಮುಖ ನೋಡಲಿಲ್ಲ. "ಅಕ್ಕೋರದ್ದರಿ ಇದು" ಎಂದು ಗಿರಣಿಯ ತಕ್ಕಡಿ ಮೇಲೆ ಇಟ್ಟು ಹೋದರು.

ಖಾಲಿ ಬಿಡಲು ಮನಸ್ಸಾಗಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಗಿರಣಿಯ ಬಾಗಿಲಿಗೆ ಸುಣ್ಣದ ಕಡ್ಡಿಯಿಂದ "ಇಂದು ಕರೆಂಟ್ ಇಲ್ಲ" ಎಂದು ಬರೆದದ್ದು ಬಿಟ್ಟರೆ ನಾನು ಹೆಚ್ಚೇನೂ ಬರೆದವನಲ್ಲ. ಅವಳೇ ದಿನವೂ ಬರೆಯುತ್ತಾಳೆ. ಮಕ್ಕಳ ಅಂಕ, ಪಾಠದ ಟಿಪ್ಪಣಿ, ಗಾಡಿ ಎಷ್ಟು ಓಡಿತು ಎಂಬ ಲೆಕ್ಕ.

ಅವಳು ಹೋಗಿ ಇವತ್ತಿಗೆ ನಲವತ್ತೆಂಟು ದಿನ. ಎಂಟು ದಿನದ ಜ್ವರ ಎಂದು ಬರೆದರೆ ಎಷ್ಟು ಸಣ್ಣದಾಗಿ ಕಾಣುತ್ತದೆ.

ಓಣಿಯ ಇಂದ್ರವ್ವ ಮಧ್ಯಾಹ್ನ ಬಂದು ಬೈದಳು. "ಏ ಸೋಮಲಿಂಗ, ನನ್ನ ಜ್ವಾಳದ ಹಿಟ್ಟಿನ್ಯಾಗ ಯಾರದೋ ಗೋದಿ ಕೂಡಿಸಿದ್ಯಲ್ಲೋ. ರೊಟ್ಟಿ ಬಡಿಯಾಕ ಹೋದ್ರ ಚಪಾತಿ ಆಗಾಕತ್ತಾವು." ಹಿಟ್ಟನ್ನು ತಿರುಗಿ ತಂದಿದ್ದಳು. ನನ್ನ ಮನೆಯ ಜೋಳದಿಂದ ಬೀಸಿ ಕೊಟ್ಟೆ. ಹೋಗುವಾಗ "ಉಂಡೀಯೇನ?" ಎಂದು ಕೇಳಿದಳು. ಹೂಂ ಎಂದೆ. ಉಂಡಿರಲಿಲ್ಲ.

ಜನವರಿ ೧೧, ರವಿವಾರ

ರವಿವಾರ ಗಾಡಿಗೆ ಚಾರ್ಜ್ ಹಾಕುವ ದಿನ. ಗಾಡಿ ಎಲ್ಲಿಗೂ ಹೋಗಿಲ್ಲ. ಆದರೂ ಹಾಕಿದೆ.

ಮಮದಾಪುರದಿಂದ ಮೂಡಲಗಿಗೆ ಶಾಲೆಗೆ ಹೋಗಿ ಬರಲು ಮೂರು ವರ್ಷದ ಹಿಂದೆ ಅವಳೇ ತನ್ನ ಪಗಾರದಲ್ಲಿ ತೆಗೆದುಕೊಂಡ ಕರೆಂಟಿನ ಗಾಡಿ ಇದು. ನನಗೂ ಲೈಸೆನ್ಸ್ ಇದೆ, ಆದರೆ ಈ ಗಾಡಿಯಲ್ಲಿ ನಾನು ಬಾಜೂ ಸೀಟಿನವನು. ಬಾಗಿಲು ತೆಗೆದರೆ ಪರದೆಯ ಮೇಲೆ ಸ್ವಾಗತ ಎಂದು ಅವಳ ಹೆಸರು ಬರುತ್ತದೆ. ಆಮೇಲೆ ಡ್ರೈವರ್ ಸೀಟು ತಾನಾಗಿಯೇ ಮುಂದೆ ಸರಿಯುತ್ತದೆ. ಅವಳು ಗಿಡ್ಡ. ಅಲ್ಲಿ ನಾನು ಕೂತರೆ ಮೊಣಕಾಲು ಸ್ಟೇರಿಂಗಿಗೆ ಬಡಿಯುತ್ತದೆ. ಹಾಗೆಯೇ ಕೂತು, ಅಂಗಳದಲ್ಲಿ ಹತ್ತು ಮಾರು ಹಿಂದೆ ಮುಂದೆ ಮಾಡಿ ನಿಲ್ಲಿಸುತ್ತೇನೆ.

ಇವತ್ತು ಹೆಸರಿನ ಕೆಳಗೆ ಬೇರೊಂದು ಸೂಚನೆ ಇತ್ತು. ಕಂಪನಿಯಿಂದ ದೊಡ್ಡ ಅಪ್ಡೇಟ್ ಬಂದಿದೆ, ಹಾಕಲು ನಲವತ್ತು ನಿಮಿಷ ಬೇಕು, ಹಳೆಯ ಚಾಲಕರ ಹೆಸರು ಮತ್ತು ಸೀಟಿನ ಅಳತೆ ಅಳಿಸಿಹೋಗುತ್ತವೆ, ಹೊಸದಾಗಿ ಹಾಕಿಕೊಳ್ಳಬೇಕು. ಕೆಳಗೆ ಎರಡು ಗುಂಡಿ. ಒಂದು "ಈಗ", ಇನ್ನೊಂದು "ಆಮೇಲೆ". ನಾನು ಆಮೇಲೆ ಒತ್ತಿದೆ.

ಒಳಗೆ ಬಂದರೆ ಅವಳ ಎರಡನೆಯ ಫೋನು ಕುಯ್‌ಗುಡುತ್ತಿತ್ತು. ಘಟಪ್ರಭಾ ಕರೆಂಟ್ ಗಾಡಿ ಬಳಗ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನಲ್ಲಿ ಇದೇ ಕಂಪನಿಯ ಗಾಡಿ ಇರುವ ನಲವತ್ಮೂರು ಮಂದಿಯ ವಾಟ್ಸಾಪ್ ಗುಂಪು. ಎಲ್ಲರಿಗೂ ಅದೇ ಸೂಚನೆ ಬಂದಿದೆ. ಎಲ್ಲರದೂ ಒಂದೇ ಪ್ರಶ್ನೆ.

"ಸೋಮಲಿಂಗಣ್ಣಾ, ಹಾಕೂದೋ ಬ್ಯಾಡೋ?"

"ಅಣ್ಣಾರು ಹೇಳೂತನಾ ಯಾರೂ ಮುಟ್ಟಬ್ಯಾಡ್ರಿ."

ಗೋಕಾಕದ ಟೈರ್ ಅಂಗಡಿಯ ಕರೆಪ್ಪ ಚೇಷ್ಟೆಯವನು. "ನನ್ನ ಗಾಡಿ ಹೊಸಾ ಸಾಫ್ಟ್‌ವೇರ್ ಬೇಕು ಅಂತೈತಿ, ನನ್ನ ಹೇಣ್ತಿ ಹೊಸಾ ಸೀರಿ ಬೇಕು ಅಂತಾಳ. ಸೋಮಲಿಂಗಣ್ಣಾ, ಯಾವದಕ್ಕ ಮೊದಲ ಹೂಂ ಅನ್ಲಿ?" ಎಂದು ಬರೆದಿದ್ದ.

ಇದನ್ನು ಇಲ್ಲಿ ಬರೆದಿಡುತ್ತೇನೆ, ಯಾರೂ ಓದುವುದಿಲ್ಲ. ಸೋಮಲಿಂಗ ನಾನೇ. ಆದರೆ ಆ ಸೋಮಲಿಂಗಣ್ಣ ನಾನಲ್ಲ. ಎರಡು ವರ್ಷದ ಹಿಂದೆ ಅವಳು ತನ್ನ ಹೆಸರಿನಲ್ಲೇ ಗುಂಪಿಗೆ ಸೇರಿದ್ದಳು. ಯಾರೋ ದಿಬ್ಬ ಏರುವಾಗ ಚಾರ್ಜ್ ಯಾಕೆ ಬೇಗ ಇಳಿಯುತ್ತದೆ ಎಂದು ಕೇಳಿದರು. ಅವಳು ವಿಜ್ಞಾನದ ಶಿಕ್ಷಕಿ, ಚೆಂದ ಮಾಡಿ ತಿಳಿಸಿ ಬರೆದಳು. ಒಬ್ಬರೂ ಉತ್ತರ ಕೊಡಲಿಲ್ಲ. ಮರುದಿನ ಒಬ್ಬ ಗಂಡಸು ಅದೇ ಮಾತು ಬರೆದಾಗ ಇಪ್ಪತ್ತು ಜನ ಹೆಬ್ಬೆರಳು ಎತ್ತಿದರು. ಅವಳು ನಕ್ಕಳು. ಗುಂಪು ಬಿಟ್ಟು, ನನ್ನ ಹೆಸರಲ್ಲಿ ಹೊಸ ಸಿಮ್ ತಂದು, ನನ್ನ ಫೋಟೋ ಹಾಕಿ ಮತ್ತೆ ಸೇರಿದಳು. "ನಿಮ್ಮ ಮೀಸಿ ನನಗ ಉಪಯೋಗಕ್ಕ ಬಂತ ನೋಡ್ರಿ" ಎಂದಳು. ಯಾರಾದರೂ ಫೋನ್ ಮಾಡಿದರೆ ಎತ್ತುವುದಿಲ್ಲ. "ಗಿರಣಿ ಸಪ್ಪಳ, ಕೇಳಸೂದಿಲ್ರಿ, ಬರದ ಕಳಸ್ರಿ" ಎಂದು ಬರೆಯುತ್ತಾಳೆ. ಒಂದು ವರ್ಷದೊಳಗೆ ಸೋಮಲಿಂಗಣ್ಣ ದೊಡ್ಡ ಮನುಷ್ಯನಾದ, ಗುಂಪಿನ ಅಡ್ಮಿನ್ನೂ ಆದ.

ನವೆಂಬರಿನಲ್ಲಿ ಕರೆಪ್ಪ ಯಾರಿಂದಲೋ ಕೇಳಿ ಗುಂಪಿಗೆ ಹಾಕಿದ್ದ: ಸೋಮಲಿಂಗಣ್ಣನ ಮನೆಯವರು ತೀರಿಕೊಂಡರು. ನಲವತ್ತಕ್ಕೂ ಹೆಚ್ಚು ಮಂದಿ ಕೈಮುಗಿದ ಚಿತ್ರ ಕಳಿಸಿದರು. ನನಗೆ ಸಮಾಧಾನ ಹೇಳಿದರು. ತಮ್ಮದೇ ಮನುಷ್ಯ ಹೋದದ್ದು ಅವರಿಗೆ ಗೊತ್ತಾಗಲಿಲ್ಲ.

ಜನವರಿ ೧೨, ಸೋಮವಾರ

ಬೆಳಿಗ್ಗೆಯಿಂದ ಮೂವತ್ತು ಸಂದೇಶ. ಉತ್ತರ ಕೊಡದೆ ಇದ್ದರೆ ಮನೆಗೇ ಬಂದಾರು ಎನಿಸಿತು. "ಸದ್ಯ ಹಾಕಬ್ಯಾಡ್ರಿ. ತಡೀರಿ" ಎಂದು ಬರೆದೆ. ಅಷ್ಟೇ. ಎಲ್ಲರೂ ಸರಿ ಅಣ್ಣಾ ಎಂದರು.

ಜನವರಿ ೧೫, ಗುರುವಾರ

ಸಂಕ್ರಾಂತಿ. ನಮಗೆ ಈ ವರ್ಷ ಹಬ್ಬವಿಲ್ಲ. ಇಂದ್ರವ್ವ ಸಜ್ಜಿ ರೊಟ್ಟಿ, ಕಾಳಿನ ಪಲ್ಯ ತಂದಿಟ್ಟು, ಎಳ್ಳು ಮಾತ್ರ ಕೊಡದೆ ಹೋದಳು.

ಹುಕ್ಕೇರಿಯ ಅಲ್ಲಪ್ಪ ಎಂಬವರು ನನ್ನ ಮಾತು ಕೇಳದೆ ಅಪ್ಡೇಟ್ ಹಾಕಿದ್ದಾರೆ. ಮೊದಲು ಪೂರ್ತಿ ಚಾರ್ಜಿಗೆ ಇನ್ನೂರ ಎಂಬತ್ತು ಕಿಲೋಮೀಟರ್ ತೋರಿಸುತ್ತಿದ್ದ ಗಾಡಿ ಈಗ ಇನ್ನೂರ ಮೂವತ್ತೈದು ತೋರಿಸುತ್ತಿದೆಯಂತೆ. "ಕಂಪನಿ ನನ್ನ ನಲವತ್ತೈದ ಕಿಲೋಮೀಟರ್ ನುಂಗೇತಿ" ಎಂದು ಬರೆದಿದ್ದಾರೆ. ಗುಂಪೆಲ್ಲ ಬೈಗುಳ. ಕರೆಪ್ಪ ಬರೆದ: "ಅಲ್ಲಪ್ಪ ಕಾಕಾ, ದೊಡ್ಡವರ ಮಾತ ಕೇಳಬೇಕಿತ್ತು. ಸೋಮಲಿಂಗಣ್ಣ ಹೇಳಿದ್ದು ಎಂದಾದ್ರೂ ಸುಳ್ಳ ಆಗೇತೇನು?"

ಓದಿ ನನಗೆ ಹಿತವಾಯಿತು. ಯಾಕೆ ಹಿತವಾಯಿತೋ ತಿಳಿಯದು. ಗಾಡಿಯ ಬಾಗಿಲು ತೆಗೆದು ಹೆಸರು ನೋಡಿ ಬಂದೆ.

ಜನವರಿ ೨೦, ಮಂಗಳವಾರ

ಮೂಡಲಗಿಯ ಯಲ್ಲಾಲಿಂಗ ಎಂಬ ಹೆಸರಿನಿಂದ ಬಂದ ಪ್ರಶ್ನೆ ಉಳಿದವರದ್ದರ ಹಾಗಿರಲಿಲ್ಲ. "ಅಣ್ಣಾರ, ಕಂಪನಿಯ ಪತ್ರ ಓದೀನ್ರಿ. ಎರಡ ವರ್ಷಕ್ಕಿಂತ ಹಳೇ ಬ್ಯಾಟರಿ ಇದ್ದರ ಪರದೆ ಮ್ಯಾಲ ಇದ್ದದ್ದಕ್ಕಿಂತ ಹೆಚ್ಚ ಚಾರ್ಜ್ ತೋರಸತೈತಿ, ಅದನ್ನ ತಿದ್ದಾಕ ಈ ಅಪ್ಡೇಟ್ ಅಂತ ನನಗ ತಿಳಿದದ್ದು. ಹಂಗಿದ್ದರ ಕಿಲೋಮೀಟರ್ ಕಡಿಮಿ ಆಗಿಲ್ಲ, ಮೊದಲ ಸುಳ್ಳ ತೋರಸತಿತ್ತು ಅಂತ ಆತಲ್ರಿ? ತಡೀಬೇಕೇನ್ರಿ ನಾವು?"

ಪತ್ರ ನಮ್ಮ ಫೋನಿಗೂ ಬಂದಿತ್ತು. ಇಂಗ್ಲಿಷಿನಲ್ಲಿ ಒಂಬತ್ತು ಪುಟ. ತೆಗೆದು ನೋಡಿದೆ, ಒಂದೂವರೆ ಸಾಲು ಓದಿದೆ. ಅವಳಾಗಿದ್ದರೆ ಡಿಕ್ಷನರಿ ಇಟ್ಟುಕೊಂಡು ಮೂರು ಸಲ ಓದುತ್ತಿದ್ದಳು. ಗೆರೆ ಎಳೆಯುತ್ತಿದ್ದಳು. ನನ್ನನ್ನೂ ಕರೆದು "ಇಲ್ಲಿ ಕೇಳ್ರಿ" ಎನ್ನುತ್ತಿದ್ದಳು.

"ನಾ ಓದೀನಿ. ಅಂಥಾದ್ದೇನಿಲ್ಲ. ತಡೀರಿ" ಎಂದು ಬರೆದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. "ನೀವು ಓದೀರಿ ಅಂದ್ರ ಆತ್ರಿ."

ಗಿರಣಿ ಬೇಗ ನಿಲ್ಲಿಸಿದೆ.

ಜನವರಿ ೨೪, ಶನಿವಾರ

ದಡ್ಡಿಯ ಬಸವಣ್ಣೆಪ್ಪ ಎಂಬವರ ಗಾಡಿ ಇವತ್ತು ಬೆಳಿಗ್ಗೆ ಹುಕ್ಕೇರಿ ರಸ್ತೆಯಲ್ಲಿ ನಿಂತುಬಿಟ್ಟಿದೆ. ಪರದೆಯ ಮೇಲೆ ನೂರಕ್ಕೆ ಹದಿನಾಲ್ಕು ಚಾರ್ಜ್ ತೋರಿಸುತ್ತಿತ್ತಂತೆ. ದಿಬ್ಬದ ಮೇಲೆ ಒಮ್ಮೆಲೇ ಸತ್ತಿತು. ಹಿಂದೆ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರಾಲಿ. ಟ್ರ್ಯಾಕ್ಟರಿನವನು ಬ್ರೇಕ್ ಹಾಕಿದರೂ ತಾಗಿದೆ. ಒಳಗೆ ಅವರ ತಾಯಿ ಫಕೀರವ್ವ ಇದ್ದರು. ಬಲಗೈ ಮುಂಗೈ ಮುರಿದಿದೆ.

ಬಸವಣ್ಣೆಪ್ಪ ದವಾಖಾನೆಯಿಂದಲೇ ಫೋನ್ ಮಾಡಿದರು. ನಾನು ಎತ್ತಿದೆ. ಈ ಫೋನಿನಲ್ಲಿ ನಾನು ಮಾತಾಡಿದ್ದು ಇದೇ ಮೊದಲು.

"ಅಣ್ಣಾರ ಏನ್ರಿ? ಗಿರಣಿ ಬಂದ್ ಐತೇನ್ರಿ ಇವತ್ತ?"

"ಹೂಂ."

"ಹಿಂಗಾತ ನೋಡ್ರಿ. ಎಲ್ಲಾರಿಗೂ ಹೇಳ್ರಿ, ಹದಿನೈದರ ಕೆಳಗ ಇಳಿಸಬ್ಯಾಡ್ರಿ ಅಂತ. ನಾ ಹೋದ ವಾರನ ಅಪ್ಡೇಟ್ ಹಾಕಾಂವ ಇದ್ದೆ. ನೀವು ತಡೀರಿ ಅಂದ್ರಿ ಅಂತ ಬಿಟ್ಟೆ."

ಸಿಟ್ಟಿನಿಂದ ಹೇಳಲಿಲ್ಲ. ನಡೆದದ್ದನ್ನು ಹೇಳಿದರು, ಅಷ್ಟೇ. ಸಿಟ್ಟು ಮಾಡಿದ್ದರೆ ನನಗೆ ಏನಾದರೂ ಹೇಳಲು ಬರುತ್ತಿತ್ತು.

ಗುಂಪಿನಲ್ಲಿ ಎಲ್ಲರೂ ಕಂಪನಿಯನ್ನು ಬೈದರು. ಸೋಮಲಿಂಗಣ್ಣನನ್ನು ಒಬ್ಬರೂ ಬೈಯಲಿಲ್ಲ.

ಕೂಡಲೇ ಬರೆದೆ: "ಎಲ್ಲಾರೂ ಈಗ ಅಪ್ಡೇಟ್ ಹಾಕ್ಕೊಳ್ರಿ. ನಾ ಹೇಳಿದ್ದು ತಪ್ಪ."

ಯಾರೂ ಕೇಳಲಿಲ್ಲ. ಹೋದ ವಾರ ಬೇಡ ಎಂದವರು ಈಗ ಯಾಕೆ ಹಾಕಿ ಎನ್ನುತ್ತೀರಿ, ಕಾರಣ ಬರೆಯಿರಿ ಎಂದರು. ಅವಳು ಕಾರಣವಿಲ್ಲದೆ ಏನನ್ನೂ ಬರೆದವಳಲ್ಲ, ಅವರಿಗೆ ಅದೇ ರೂಢಿ. ನನಗೆ ಕಾರಣ ಬರೆಯಲು ಬರಲಿಲ್ಲ. ಕಡೆಗೆ ಕರೆಪ್ಪ ಬರೆದ: "ಇದು ಸೋಮಲಿಂಗಣ್ಣನ ಬರವಣಿಗಿ ಅಲ್ಲಪಾ. ಹತ್ತ ಹನ್ನೆರಡ ದಿನದಿಂದ ನೋಡಾಕತ್ತೇನಿ. ಅಂವ ಹಿಂಗ ಎರಡ ಮಾತಿನ್ಯಾಗ ಮುಗಸಾಂವಲ್ಲ. ಯಾರೋ ಅಣ್ಣನ ಫೋನ್ ಕದ್ದ ಹೊಡದಾರ. ನಂಬಬ್ಯಾಡ್ರಿ."

ಹೌದು ಹೌದು ಎಂದು ಹದಿನೆಂಟು ಜನ.

ಜನವರಿ ೨೫, ರವಿವಾರ

ದಡ್ಡಿಗೆ ಹೋಗಿ ಬಂದೆ. ಗಾಡಿ ತೆಗೆಯಲಿಲ್ಲ. ಗೋಕಾಕಕ್ಕೆ ಒಂದು ಬಸ್ಸು, ಹುಕ್ಕೇರಿಗೆ ಒಂದು, ಅಲ್ಲಿಂದ ಇನ್ನೊಂದು. ಹಿಡಕಲ್ ಡ್ಯಾಮಿನ ನೀರು ಕಿಟಕಿಯಿಂದ ಕಂಡಿತು. ತುಂಬಿತ್ತು. ದಾರಿಯಲ್ಲಿ ಕರೆಂಟಿನ ಗಾಡಿ ಎದುರು ಬಂದಾಗಲೆಲ್ಲ ಒಳಗೆ ಯಾರಿದ್ದಾರೆ ಎಂದು ನೋಡಿದೆ. ಒಂದರಲ್ಲಿ ಹಿಂದೆ ಮೂರು ಮಕ್ಕಳಿದ್ದರು.

ಫಕೀರವ್ವ ಕಟ್ಟೆಯ ಮೇಲೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ಹೆಂಗಸು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನ ಏನ ಆ ಸೋಮಲಿಂಗ? ನನ್ನ ಮಗಾ ಗುರುಗೋಳ ಹೆಸರ ಹೇಳಿದಂಗ ನಿನ್ನ ಹೆಸರ ಹೇಳತಾನ. ಸೋಮಲಿಂಗಣ್ಣ ಗಾಳಿ ನೋಡು ಅಂದ್ರ ಟೈರ್ ಗಾಳಿ ನೋಡತಾನ. ಸೋಮಲಿಂಗಣ್ಣ ಉಸಿರ ಹಿಡಿ ಅಂದ್ರ ಉಸಿರ ಹಿಡದ ಕೂಡಾಂವ."

"ಯವ್ವಾ, ಸುಮ್ನಿರ" ಎಂದರು ಬಸವಣ್ಣೆಪ್ಪ.

ನಾನು ಹೇಳಿದೆ. ಚಹಾದ ಕಪ್ಪು ಕೈಯಲ್ಲೇ ಇತ್ತು. "ಯವ್ವಾ, ನಿಮ್ಮ ಮಗಗ ಎರಡ ವರ್ಷ ಹೇಳಿದ್ದು ನಾ ಅಲ್ರಿ. ನನ್ನ ಹೆಂಡತಿ. ಈಗ ಆಕಿ ಇಲ್ಲ."

ಫಕೀರವ್ವ ಕೇಳಿದರು. "ಅಂದ್ರ? ನನ್ನ ಕೈ ಮುರಿದದ್ದು ಸತ್ತ ಹೆಂಡತಿ ಮ್ಯಾಲ ಹಾಕಾಕ ಬಂದೀಯೇನು?"

ನಾನು ಹಾಗೆ ಯೋಚಿಸಿರಲಿಲ್ಲ. ಆದರೆ ನನ್ನ ಮಾತು ಕೇಳಿದ ಯಾರಿಗಾದರೂ ಹಾಗೆಯೇ ಕೇಳುತ್ತದೆ.

"ಇಲ್ರಿ. ಅದೊಂದ ಮಾತ ನಂದು."

"ಮತ್ತ ಯಾಕ ಹೇಳಿದಿ ಹಂಗ?"

ಪರದೆಯ ಮೇಲಿನ ಹೆಸರಿನ ವಿಷಯ ಹೇಳಿದೆ. ಹೇಳುವಾಗ ಅದು ಎಷ್ಟು ಸಣ್ಣ ಕಾರಣ ಎಂದು ತಿಳಿಯಿತು. ಫಕೀರವ್ವ ಮಗನ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ.

"ಇಲ್ಲಿ ನನಗ ಹೇಳಿದ್ರ ಏನ ಬಂತೋ. ನನ್ನದು ಮುರದ ಹೋತು. ಇನ್ನೂ ಮುರೀದವರಿಗೆ ಹೇಳ ಹೋಗು."

ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಊಟ ಮಾಡಿ ಹೋಗಿ ಎಂದು ಬಸವಣ್ಣೆಪ್ಪ ಅಂದರು. ಆಗಲಿಲ್ಲ.

ಜನವರಿ ೨೬, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಗಿರಣಿ ನಿಲ್ಲಿಸಿ ಬಾಗಿಲು ಹಾಕಿದೆ. ಬರೆದರೆ ನಂಬುವುದಿಲ್ಲ, ಅದಕ್ಕೆ ದನಿಯಲ್ಲಿ ಹೇಳಿದೆ. ಮೊದಲ ಸಲ ಹೆಸರಿನ ಹತ್ತಿರ ಬಂದು ನಿಂತಿತು. ಎರಡನೆಯ ಸಲ ಇಂದ್ರವ್ವ ಬಾಗಿಲು ಬಡಿದಳು. ಮೂರನೆಯದನ್ನು ಕಳಿಸಿದೆ. ಏನು ಹೇಳಿದೆನೋ ಅದನ್ನೇ ಇಲ್ಲಿ ಬರೆದಿಡುತ್ತೇನೆ.

"ನಮಸ್ಕಾರ್ರಿ. ನಾ ಮಮದಾಪುರದ ಸೋಮಲಿಂಗ ಮಾತಾಡಾಕತ್ತೇನಿ. ಫೋನ್ ಯಾರೂ ಹೊಡದಿಲ್ರಿ. ನನ್ನ ದನಿ ನೀವು ಯಾರೂ ಕೇಳಿಲ್ಲ. ಗಿರಣಿ ಸಪ್ಪಳ ಅಂತ ನೆವ ಹೇಳತಿದ್ವಿ. ಈ ಗುಂಪಿನ್ಯಾಗ ಎರಡ ವರ್ಷ ನಿಮಗ ಹೇಳಿಕೊಟ್ಟಾಕಿ ನನ್ನ ಹೆಂಡತಿ, ಅನ್ನಪೂರ್ಣಾ. ಮೂಡಲಗ್ಯಾಗ ಸಾಲಿ ಅಕ್ಕೋರ ಇದ್ಲು. ಹೆಣ್ಮಗಳ ಮಾತ ಯಾರೂ ಕೇಳಲಿಲ್ಲ ಅಂತ ನನ್ನ ಹೆಸರ ಹಾಕಿದ್ಲು. ಆಕಿ ನವೆಂಬರ್ ಇಪ್ಪತ್ತೆರಡಕ್ಕ ತೀರಿಕೊಂಡ್ಲು. ನೀವೆಲ್ಲಾ ಕೈ ಮುಗಿದ್ರಿ. ಆಮ್ಯಾಲ ಅಪ್ಡೇಟ್ ಹಾಕಬ್ಯಾಡ್ರಿ ಅಂದದ್ದು ನಾ. ಕಂಪನಿ ಕಾಗದ ಓದೀನಿ ಅಂದೆ, ಓದಿರಲಿಲ್ಲ. ಹಾಕಿದ್ರ ನನ್ನ ಗಾಡ್ಯಾಗ ಆಕಿ ಹೆಸರ ಅಳಿಸಿ ಹೋಗತೈತಿ, ಅದಕ್ಕ ಹಂಗ ಅಂದೆ. ಅದರಿಂದ ದಡ್ಡಿ ಫಕೀರವ್ವನ ಕೈ ಮುರೀತು. ಅನ್ನಪೂರ್ಣಾ ಹೇಳಿದ್ದೆಲ್ಲಾ ಖರೆ ಇತ್ತು. ತಪ್ಪ ಹೇಳಿದ್ದು ಒಂದ, ಅದು ನಂದು. ಇವತ್ತ ಹಾಕ್ಕೊಳ್ರಿ. ಕಿಲೋಮೀಟರ್ ಕಡಿಮಿ ಕಾಣತಾವು. ಮೊದಲ ಕಂಡದ್ದು ಸುಳ್ಳ."

ಕಳಿಸಿ ಫೋನು ಮಗುಚಿಟ್ಟೆ. ಗಿರಣಿ ಚಾಲು ಮಾಡಿ ಸಂಜೆಯ ತನಕ ಬೀಸಿದೆ.

ಜನವರಿ ೨೮, ಬುಧವಾರ

ಸೋಮವಾರ ಮಧ್ಯಾಹ್ನದ ತನಕ ಗುಂಪಿನಲ್ಲಿ ಒಂದು ಅಕ್ಷರ ಇರಲಿಲ್ಲ. ಆಮೇಲೆ ಒಬ್ಬೊಬ್ಬರೇ ಬರೆದರು. ಐದು ಜನ ಗುಂಪು ಬಿಟ್ಟರು. ಒಬ್ಬರು "ಎರಡ ವರ್ಷ ಹೆಂಗಸಿನ ಮಾತಿನ ಮ್ಯಾಲ ಗಾಡಿ ಹೊಡದ್ವಿ ಅಂದಂಗಾತು" ಎಂದು ಬರೆದು, ಸ್ವಲ್ಪ ಹೊತ್ತಿಗೆ ಅಳಿಸಿದರು. ಇನ್ನೊಬ್ಬರು ನನ್ನನ್ನು ಬಾಯಿಗೆ ಬಂದ ಹಾಗೆ ಬೈದರು. ಅದನ್ನು ಅಳಿಸಲಿಲ್ಲ, ಅಳಿಸಬೇಕಾಗಿಯೂ ಇಲ್ಲ. ಹಾಕಿದೆ, ಹಾಕಿದೆ ಎಂದು ಸಂಜೆಯೊಳಗೆ ಮೂವತ್ತೊಂದು ಮಂದಿ ಬರೆದರು. ನಾನು ಗೆರೆ ಎಳೆದು ಲೆಕ್ಕ ಇಟ್ಟೆ. ಉಳಿದ ಆರು ಮಂದಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ.

ನಿನ್ನೆ ಕರೆಪ್ಪ ಗೋಕಾಕದಿಂದ ಗಿರಣಿಗೇ ಬಂದ. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಆಳು. ಹಿಟ್ಟಿನ ಧೂಳಿನಲ್ಲಿ ಬಂದು ನಿಂತ.

"ನಾ ಒಮ್ಮೆ ಗುಂಪಿನ್ಯಾಗ ಬರದಿದ್ದೆ, ಹೆಂಗಸರಿಗೆ ಗಾಡಿ ಕೊಟ್ರ ಅರ್ಧಾ ಚಾರ್ಜ್ ಹಾರ್ನಿಗೇ ಹೋಗತೈತಿ ಅಂತ" ಎಂದ.

"ಓದಿದ್ಲು."

"ಏನ ಅಂದ್ಲು?"

"ನಕ್ಕಳು. ಆಮ್ಯಾಲ ಹಾರ್ನಿಗೆ ಎಷ್ಟ ಕರೆಂಟ್ ಹೋಗತೈತಿ ಅಂತ ಲೆಕ್ಕಾ ಹಾಕಿ ನಿನಗ ಕಳಿಸಿದ್ಲು."

"ಹೌದು. ಬಂದಿತ್ತು" ಎಂದ. ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ಹೋಗುವಾಗ ಎರಡು ಕೇಜಿ ಗೋಧಿ ಹಿಟ್ಟು ತೆಗೆದುಕೊಂಡ, ಬೇಕಿರಲಿಲ್ಲ.

ಇವತ್ತು ಇನ್ನೊಂದು ನಡೆಯಿತು. ಮೂಡಲಗಿಯ ಯಲ್ಲಾಲಿಂಗ ಎಂಬ ಹೆಸರಿನಿಂದ ಗುಂಪಿಗೆ ದನಿ ಬಂತು. ಹೆಣ್ಣುದನಿ. "ನಮಸ್ಕಾರ್ರಿ ಎಲ್ಲಾರಿಗೂ. ನಾ ಯಲ್ಲಾಲಿಂಗ ಅಲ್ರಿ. ಅವರು ನಮ್ಮ ಮನಿಯವರು, ಅವರಿಗೆ ಗಾಡಿ ಗಾಲಿ ಎಷ್ಟ ಅಂತ ಕೇಳಿದ್ರ ಎಣಿಸಿ ಹೇಳತಾರ. ನಾ ರಾಧಿಕಾ. ಸಾಲ್ಯಾಗ ಅನ್ನಪೂರ್ಣಾ ಅಕ್ಕೋರ ಕಡೆ ಎಂಟನೇತ್ತಾ ಕಲ್ತಾಕಿ. ಈ ಗುಂಪಿನ್ಯಾಗೂ ಅವರ ಹತ್ರನ ಕಲಿಯಾಕತ್ತೇನಿ ಅಂತ ನನಗೂ ಗೊತ್ತಿರಲಿಲ್ರಿ."

ಅದನ್ನು ಎಷ್ಟು ಸಲ ಕೇಳಿದೆನೋ. ಆ ಹುಡುಗಿ ಪತ್ರವನ್ನು ಸರಿಯಾಗಿ ಓದಿದ್ದಳು. ಅವಳಿಗೆ ನಾನು ಸುಳ್ಳು ಹೇಳಿದ್ದೆ. ಫೋನ್ ಮಾಡಿ ತಪ್ಪಾಯಿತು ಎಂದೆ.

"ನೀವು ಹಂಗ ಅಂದಾಗ ಸಂಶೆ ಬಂದಿತ್ರಿ ಕಾಕಾರ. ಮತ್ತ ಕೇಳಬೇಕಿತ್ತು. ದೊಡ್ಡವರು ಅಂತ ಬಿಟ್ಟೆ" ಎಂದಳು.

ಗುಂಪಿನ ಅಡ್ಮಿನ್ ಇನ್ನು ಮೇಲೆ ನೀನೇ ಆಗು ಎಂದೆ. ಒಪ್ಪಿದಳು. ತನ್ನ ಹೆಸರಿನಲ್ಲೇ ಆಗುತ್ತೇನೆ ಎಂದಳು.

ಫೆಬ್ರುವರಿ ೧, ರವಿವಾರ

ಗಾಡಿಗೆ ಅಪ್ಡೇಟ್ ಹಾಕಿದೆ. ಎಲ್ಲರಿಗೂ ಹೇಳಿ ನಾನೇ ಹಾಕದೆ ಆರು ದಿನ ಕಳೆದಿದ್ದೆ. ರಾಧಿಕಾ ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿದಳು. "ಈಗ" ಎಂಬ ಗುಂಡಿ ಒತ್ತುವ ಮೊದಲು "ಕಾಕಾರ, ಬೇಕಾದರ ಪರದೆ ಫೋಟೋ ತಗೊಂಡ ಇಟಗೋರಿ" ಎಂದಳು. ತೆಗೆದೆ. ಬಿಸಿಲು ಬಿದ್ದು ಸರಿಯಾಗಿ ಬರಲಿಲ್ಲ. ಎರಡನೆಯದು ತೆಗೆಯಲಿಲ್ಲ.

ನಲವತ್ತು ನಿಮಿಷ ಎಂದದ್ದು ಐವತ್ತೈದು ತೆಗೆದುಕೊಂಡಿತು. ಅಷ್ಟು ಹೊತ್ತು ಅಂಗಳದಲ್ಲಿ ಕೂತಿದ್ದೆ. ಅನ್ನಪೂರ್ಣಾ ಹೊಸ ಗಾಡಿ ತಂದ ದಿನ ಈ ಬಾಗಿಲಲ್ಲೇ ಇಂದ್ರವ್ವನ ಕೈಯಿಂದ ತೆಂಗಿನಕಾಯಿ ಒಡೆಸಿದ್ದಳು. ಸಪ್ಪಳವೇ ಮಾಡದ ಗಾಡಿ ನೋಡಿ ಇಂದ್ರವ್ವ "ಇದು ಸತ್ತೈತೋ ಬದಕೈತೋ" ಎಂದದ್ದು ನೆನಪಾಗಿ ನಗು ಬಂತು. ಇಂದ್ರವ್ವನಿಗೆ ಹೇಳಿದೆ. ಅವಳೂ ನಕ್ಕಳು. ಆಮೇಲೆ ಸೆರಗು ಕಣ್ಣಿಗೆ ಒತ್ತಿಕೊಂಡಳು.

ಹೊಸ ಹೆಸರು ಕೇಳಿತು. ನನ್ನದು ಹಾಕಿದೆ. ಸೀಟು ಹಿಂದೆ ಸರಿಸಿದೆ. ಗೋಕಾಕದ ತನಕ ಹೋಗಿ ಬಂದೆ. ಪೂರ್ತಿ ಚಾರ್ಜಿಗೆ ಈಗ ಇನ್ನೂರ ಇಪ್ಪತ್ತೆಂಟು ತೋರಿಸುತ್ತದೆ. ಬರುವಾಗ ಮಾರ್ಕೆಟ್ಟಿನಲ್ಲಿ ಬದನೆಕಾಯಿ ತಂದೆ. ಎಣ್ಣೆಗಾಯಿ ಮಾಡಿದೆ. ಉಪ್ಪು ಹೆಚ್ಚಾಯಿತು.

ಫೆಬ್ರುವರಿ ೯, ಸೋಮವಾರ

ಬಸವಣ್ಣೆಪ್ಪ ಶನಿವಾರ ಫೋನ್ ಮಾಡಿದ್ದರು. ಇವತ್ತು ತಾಯಿಯ ಕೈ ತೋರಿಸಲು ಹುಕ್ಕೇರಿಗೆ ಹೋಗಬೇಕು, ಅಪ್ಡೇಟ್ ಹಾಕಿಸಿದ್ದಾರೆ, ಗಾಡಿಯೂ ರಿಪೇರಿ ಆಗಿ ಬಂದಿದೆ. ಆದರೆ ಅವ್ವ ಹತ್ತಲು ಒಲ್ಲೆ ಎನ್ನುತ್ತಾಳೆ, ಹಿಂದಿನಿಂದ ಟ್ರ್ಯಾಕ್ಟರ್ ಬಂದರೆ ಎಂದು ಕೇಳುತ್ತಾಳೆ, ನೀವೊಂದು ಮಾತು ಹೇಳಿ ಎಂದರು.

"ನಾ ನಿಮ್ಮ ಹಿಂದ ನನ್ನ ಗಾಡಿ ತಗೊಂಡ ಬರ್ತೇನ್ರಿ" ಎಂದೆ.

ಬೆಳಿಗ್ಗೆ ಐದಕ್ಕೆ ಎದ್ದು ದಡ್ಡಿಗೆ ಹೋದೆ. ಫಕೀರವ್ವ ನನ್ನನ್ನು ನೋಡಿ ಮಗನ ಗಾಡಿಯಲ್ಲಿ ಹಿಂದೆ ಕೂತರು. ನಾನು ಇಪ್ಪತ್ತು ಮಾರು ಬಿಟ್ಟು ಹಿಂದೆ ಹೊರಟೆ. ಎರಡೂ ಕಡೆಯ ದೀಪ ಮಿನುಗಿಸಿಕೊಂಡು ಮೂವತ್ತರ ಮೇಲೆ ಹೋಗಲಿಲ್ಲ. ನನ್ನ ಹಿಂದೆ ಕಬ್ಬಿನ ಟ್ರಾಲಿಗಳು ಸಾಲುಗಟ್ಟಿದವು. ಒಬ್ಬ ಡ್ರೈವರ್ ಪಕ್ಕಕ್ಕೆ ಬಂದು "ಯಾರದೋ ಮದವಿ ಮೆರವಣಿಗಿ?" ಎಂದು ಕೂಗಿದ. ಹೋಗು ಎಂದು ಕೈ ಮಾಡಿದೆ. ಆ ದಿಬ್ಬ ಬಂದಾಗ ಬಸವಣ್ಣೆಪ್ಪ ಇನ್ನೂ ನಿಧಾನ ಮಾಡಿದರು. ನಾನೂ ಮಾಡಿದೆ. ಫಕೀರವ್ವ ಹಿಂದಿನ ಗಾಜಿನಿಂದ ತಿರುಗಿ ನೋಡುತ್ತಿದ್ದರು. ದಿಬ್ಬ ಇಳಿಯುವ ತನಕ ನೋಡುತ್ತಲೇ ಇದ್ದರು.

ಎಲುಬು ಕೂಡುತ್ತಿದೆ ಎಂದರು ದವಾಖಾನೆಯಲ್ಲಿ. ಹೊರಗೆ ಬಂದು ಬಸವಣ್ಣೆಪ್ಪ ಔಷಧಿ ತರಲು ಹೋದರು. ಫಕೀರವ್ವ ಎರಡೂ ಗಾಡಿಗಳ ನಡುವೆ ನಿಂತುಕೊಂಡರು. ಆಮೇಲೆ ನನ್ನ ಗಾಡಿಯ ಹತ್ತಿರ ಬಂದು "ಬಾಗಲಾ ತಗಿ. ಒಂದ ಕೈಲೆ ನನಗ ಬರೂದಿಲ್ಲ" ಎಂದರು. ನಾನು ಕೂರುತ್ತಿದ್ದ ಬಾಜೂ ಸೀಟಿನಲ್ಲಿ ಕೂತರು. ಬೆಲ್ಟ್ ಹಾಕಿದೆ. ಪ್ಲಾಸ್ಟರಿಗೆ ತಾಗದ ಹಾಗೆ ಅವರೇ ಸರಿಮಾಡಿಕೊಂಡರು.

ಮಗ ಬಂದು ನೋಡಿ ನಿಂತ. "ನೀ ಹಿಂದ ಬಾ" ಎಂದರು ಅವನಿಗೆ.

ಪರದೆಯನ್ನು ಬಹಳ ಹೊತ್ತು ನೋಡಿದರು. "ಎಷ್ಟ ಐತಿ ಅಂತ ತೋರಸಾಕತ್ತೈತಿ ಇದು?"

"ನೂರಕ್ಕ ಐವತ್ತೆಂಟ ಅಂತ್ರಿ."

"ಖರೆ ಐತೇನು?"

"ಗೊತ್ತಿಲ್ರಿ ಯವ್ವಾ. ನೋಡಕೋತ ಹೋಗಬೇಕು."

ಫಕೀರವ್ವ ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಒಳ್ಳೆಯ ಕೈಯಿಂದ ರಸ್ತೆ ತೋರಿಸಿದರು.

"ಹಂಗಾರ ನಡಿ" ಎಂದರು.